ಖಾಡಿಯತ್ತ ಮುಖ ಮಾಡಿ

ಥಾಣೆಯ ವರ್ತಕ ನಗರದಲ್ಲಿ ನಿಂತರೆ ಖಾಡಿ, ಅಂದರೆ ಕಡಲು ಒಳಸರಿದ ಉಪ್ಪುನೀರಿನ ಹರಹು, ಕಾಣುವುದಿಲ್ಲ. ಪಡುವಣಕ್ಕೆ ಯೇವೂರಿನ ಗುಡ್ಡ, ಗುಡ್ಡದ ಬುಡದಲ್ಲಿ ಉಪವನ ಕೆರೆ, ಈಚೆಗೆ ಪೋಖರಣ್ ರಸ್ತೆಯ ಗದ್ದಲ. ಊರಿಂದ ಬಂದು ಇಲ್ಲಿ ನೆಲೆಯಾದ ನಮ್ಮ ಕರಾವಳಿಯವರಿಗೆ ಥಾಣೆಯೆಂದರೆ ಗುಡ್ಡ ಮತ್ತು ಕೆರೆಗಳ ಊರು. ಆದರೆ ಸ್ಟೇಷನ್ನಿನ ಆಚೆ ಬದಿಗೆ ಉಪ್ಪುನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ತೆಂಕಣಕ್ಕೆ ಸುಮಾರು 26 ಕಿಲೋಮೀಟರ್ ಹರಿದು ಮುಂಬಯಿ ಬಂದರಿಗೆ ಕೂಡುವುದು ಥಾಣೆ ಖಾಡಿ. ಕಲ್ಯಾಣದಿಂದ ಇಳಿದು ಬಂದು, ಘೋಡ್‌ಬಂದರಿನ ಬದಿಯಿಂದ ವಸಯಿಗೆ ಹೋಗಿ ಕಡಲು ಸೇರುವುದು ಉಲ್ಹಾಸ್ ನದಿ. ಎರಡನ್ನೂ ಥಾಣೆಯ ಹತ್ತಿರ ಒಂದು ಕಿರಿದಾದ ನೀರುದಾರಿ ಕೂಡಿಸುತ್ತದೆ. ಕಲ್ಯಾಣ್, ಡೊಂಬಿವಲಿ, ದಿವಾ, ಮುಂಬ್ರಾ, ಕಳವಾ, ಐರೋಲಿ, ವಾಶಿ, ಬೇಲಾಪುರ ಎಂದು ಲೋಕಲ್ ರೈಲಿನಲ್ಲಿ ದಿನವೂ ಕೇಳುವ ಹೆಸರುಗಳೆಲ್ಲ ದೋಣಿ ಕಟ್ಟುತ್ತಿದ್ದ ಊರುಗಳದೇ.

ನಮ್ಮ ಮನೆತನ ಗಂಗೊಳ್ಳಿಯದು. ಐದು ನದಿಗಳು ಕೂಡಿ ಕಡಲಿಗೆ ಬೀಳುವ ಪಂಚಗಂಗಾವಳಿಯ ಅಳಿವೆಯ ಬದಿಯಲ್ಲಿ ನಮ್ಮ ಮನೆ. ಅಜ್ಜ ಮಚ್ವೆ ಎಂಬ ಹಾಯಿಹಡಗನ್ನು ನಡೆಸುವ ತಾಂಡೇಲರಾಗಿದ್ದರು. ಮಂಗಳೂರು ಬಂದರಿನಲ್ಲಿ ಹಂಚು ತುಂಬಿಕೊಂಡು ಹಾಯಿ ಬಿಚ್ಚಿ ಮುಂಬಯಿಗೆ ಬರುವುದು ಅವರ ಕಸುಬು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೂಡಿದ ಮೇಲೆ ನೇತ್ರಾವತಿಯ ಜೇಡಿಮಣ್ಣು ಕೆಂಪು ಹಂಚಾಗಿ ಇಡೀ ಪಶ್ಚಿಮ ಕರಾವಳಿಯ ಮಾಡಿಗೆ ಏರಿತು. ಅದನ್ನು ಹೊತ್ತು ತಂದದ್ದು ಮಚ್ವೆ, ಮಂಜಿ, ಪಾತೆಮಾರಿಗಳು. ರಸ್ತೆ ಇರಲಿಲ್ಲ, ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದೇ 1998ರಲ್ಲಿ. ಹಂಚು ಒಡೆಯದೆ ಬರಬೇಕಾದರೆ ನೀರಿನ ಮೇಲೆಯೇ ಬರಬೇಕಿತ್ತು.

ಈ ಪಯಣದ ಕಷ್ಟ ಇಂದು ಹೇಳಿದರೆ ಅರ್ಥವಾಗುವುದು ಕಷ್ಟ. ಮಳೆಗಾಲ ಮುಗಿದ ಮೇಲೆ ನಮ್ಮ ಕಡಲಿನಲ್ಲಿ ಗಾಳಿ ಹೆಚ್ಚಾಗಿ ಬಡಗಣದಿಂದ, ವಾಯುವ್ಯದಿಂದ ಬೀಸುತ್ತದೆ. ಮುಂಬಯಿ ಇರುವುದೂ ಅದೇ ದಿಕ್ಕಿಗೆ. ಎದುರುಗಾಳಿಗೆ ಹಾಯಿ ನೇರ ನುಗ್ಗಲಾರದು. ಅದಕ್ಕೆ ತಾಂಡೇಲರು ದಿನದ ಎರಡು ಗಾಳಿಗಳನ್ನು ಬಳಸಿಕೊಂಡರು. ರಾತ್ರಿಯ ಕೊನೆಯ ಜಾವ ಘಟ್ಟದ ಕಡೆಯಿಂದ ಬೀಸುವ ಮೂಡುಗಾಳಿ ಹಿಡಿದು ಕಡಲೊಳಗೆ ಸರಿಯುವುದು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದಾಗ ಮತ್ತೆ ದಂಡೆಯ ಕಡೆಗೆ ಓರೆಯಾಗಿ ಬರುವುದು. ಹೀಗೆ ಅಂಕುಡೊಂಕಾಗಿ ನೇತ್ರಾಣಿ ದ್ವೀಪ, ಅಂಜದೀವ, ವೆಂಗುರ್ಲೆಯ ಬಂಡೆಗಳು, ಮಾಲ್ವಣ, ರತ್ನಾಗಿರಿ, ಹರ್ಣೈ ಒಂದೊಂದೇ ದಾಟಿ, ರಾತ್ರಿ ಖಾಂದೇರಿಯ ದೀಪ ಕಂಡರೆ ಮುಂಬಯಿ ಬಂದ ಹಾಗೆ. ದಿಕ್ಕು ಬದಲಿಸುವ ಪ್ರತಿಸಲವೂ ಹಡಗಿನ ಬೆನ್ನನ್ನು ಗಾಳಿಗೆ ಕೊಟ್ಟು, ಹಾಯಿ ಕಟ್ಟಿದ ಉದ್ದದ ಅಡ್ಡಮರವನ್ನು ಕೂವೆಯ, ಅಂದರೆ ಹಾಯಿಕಂಬದ, ಮುಂದಿನಿಂದ ಸುತ್ತಿಸಿ ಇನ್ನೊಂದು ಮಗ್ಗುಲಿಗೆ ತರಬೇಕು. ಅಷ್ಟು ಹೊತ್ತು ಹಾಯಿ ಯಾರ ಹಿಡಿತದಲ್ಲೂ ಇರುವುದಿಲ್ಲ. ಖಲಾಸಿಗಳ ಕೈ ಒಂದೇ ಉಸಿರಿಗೆ ಓಡಬೇಕು. ಮರಳುವಾಗ ಬೆನ್ನಗಾಳಿ; ಅದೇ ದಾರಿ ತಾನಾಗಿ ಜಾರುತ್ತಿತ್ತು. ಅಜ್ಜ ಹೇಳುತ್ತಿದ್ದುದು ಒಂದೇ ಮಾತು: “ನೀರ್ ಇಳುಕ್ ಮುಂಚೆ ಹೊರಡ್ಕ್ ಮಗಾ.”

ಆ ಮಾತು ಬಹಳ ವರ್ಷಗಳ ಮೇಲೆ ಮತ್ತೆ ನೆನಪಾದದ್ದು ಇಂಗ್ಲೆಂಡಿನಲ್ಲಿ. ಮಗಳ ಸಂಸಾರ ಎಸೆಕ್ಸಿನ ಕೋಲ್ಚೆಸ್ಟರಿನಲ್ಲಿದೆ. ಒಂದು ಭಾನುವಾರ ಅವಳು ನಮ್ಮನ್ನು ಮಾಲ್ಡನ್ ಎಂಬ ಊರಿಗೆ ಕರೆದುಕೊಂಡು ಹೋದಳು. ಬ್ಲ್ಯಾಕ್‌ವಾಟರ್ ನದಿ ಕಡಲಿಗೆ ಸೇರುವ ಕೆಸರಿನ ಹರಹು ಅದು. ಇಳಿತದ ಹೊತ್ತಿಗೆ ಹೋಗಿದ್ದೆವು. ನೀರು ಕಾಲುವೆಯಷ್ಟಕ್ಕೆ ಇಳಿದಿತ್ತು. ಹೈತ್ ಕಟ್ಟೆಗೆ ಕಟ್ಟಿದ್ದ ದೊಡ್ಡ ದೊಡ್ಡ ಹಾಯಿದೋಣಿಗಳು ಮಟ್ಟಸವಾಗಿ ಕೆಸರಿನ ಮೇಲೆ ಕುಳಿತಿದ್ದವು. ಥೇಮ್ಸ್ ಬಾರ್ಜ್ ಎಂದು ಕರೆಯುವ ಈ ದೋಣಿಗಳ ತಳ ಚಪ್ಪಟೆ. ನೀರಿಳಿದರೆ ಮಗುಚದೆ ಕೂರುತ್ತವೆ, ನೀರೇರಿದರೆ ಎದ್ದು ಹೊರಡುತ್ತವೆ. ಕೆಮ್ಮಣ್ಣು, ಎಣ್ಣೆ ಬಳಿದ ಕಂದು ಹಾಯಿಗಳು. ಇಷ್ಟು ದೊಡ್ಡ ಹಡಗನ್ನು ಒಬ್ಬ ತಾಂಡೇಲ, ಜೊತೆಗೊಬ್ಬ ಹುಡುಗ, ಇಬ್ಬರೇ ನಡೆಸುತ್ತಿದ್ದರಂತೆ. ಹಳ್ಳಿಗಳಿಂದ ಲಂಡನ್ನಿನ ಕುದುರೆಗಳಿಗೆ ಹುಲ್ಲು ಒಯ್ದು, ಮರಳುವಾಗ ಹೊಲಗಳಿಗೆ ಲಾಯದ ಗೊಬ್ಬರ ತರುವುದು ಅವುಗಳ ಕೆಲಸ. 1906ರಲ್ಲಿ ಕಟ್ಟಿದ ಕೇಂಬ್ರಿಯಾ ಎಂಬ ಬಾರ್ಜ್ 1970ರವರೆಗೂ ಎಂಜಿನ್ ಇಲ್ಲದೆ, ಬರೀ ಹಾಯಿಯಿಂದ ಸರಕು ಸಾಗಿಸಿತು. ಅಲ್ಲಿಗೆ ಆ ವ್ಯಾಪಾರ ನಿಂತಿತು. ಆದರೆ ಆ ಬಳಗ ಚದುರಲಿಲ್ಲ. 1863ರಲ್ಲಿ ಶುರುವಾದ ಬಾರ್ಜ್ ಪಂದ್ಯ ಇಂದಿಗೂ ನಡೆಯುತ್ತದೆ. ವಾರದ ಕೊನೆಗೆ ಮೇಷ್ಟ್ರು, ಬಡಗಿ, ನಿವೃತ್ತ ಗುಮಾಸ್ತ ಎಲ್ಲರೂ ಬಂದು ಹಲಗೆ ಕೆರೆದು ಎಣ್ಣೆ ಬಳಿಯುತ್ತಾರೆ.

ಅಲ್ಲೊಬ್ಬ ಮುದುಕ ದೋಣಿಯ ಬದಿಯ ಹಲಗೆಯ ಬಣ್ಣ ಕೆರೆಯುತ್ತಿದ್ದ. ಮಗಳು ನನ್ನ ಅಜ್ಜನ ಸುದ್ದಿ ಹೇಳಿದಳು. ಅವನು ಕೆಲಸ ನಿಲ್ಲಿಸಿದ. ಮೊದಲು ಕೇಳಿದ್ದು ಗಾಳಿ ಯಾವ ಕಡೆಯದು ಎಂದು, ಆಮೇಲೆ ಎಷ್ಟು ಮಂದಿ ನಡೆಸುತ್ತಿದ್ದರು ಎಂದು. ಕೊನೆಗೆ, ಆ ಜನ ಈಗಲೂ ಅಲ್ಲಿದ್ದಾರೆಯೇ ಎಂದ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ನನ್ನನ್ನು ಯಾರೂ ಕೇಳಿರದ ಪ್ರಶ್ನೆ ಅದು. ಕಟ್ಟೆಯ ಪಕ್ಕದಲ್ಲಿ 1882ರಿಂದ ಉಪ್ಪು ಕಾಯಿಸುವ ಮಾಲ್ಡನ್ನಿನ ಹೆಸರುವಾಸಿ ಕಂಪನಿ. ಉಪ್ಪು, ಕೆಸರು, ಉಬ್ಬರ, ಹಳೆಯ ದೋಣಿ: ಇವೆಲ್ಲ ನನ್ನ ಮನೆಯಿಂದ ಒಂದು ರಿಕ್ಷಾದ ದೂರದಲ್ಲಿ ಇವೆಯಲ್ಲ ಎಂದು ಅಲ್ಲಿಯೇ ಅನ್ನಿಸಿತು. ಥಾಣೆಗೆ ಮರಳಿದ ಮೇಲೆ ಖಾಡಿಯ ಕಡೆ ಹೊರಟೆ.

ಥಾಣೆ ಸ್ಟೇಷನ್ನಿನ ಮೂಡಣ ಬದಿಗೆ ಇಳಿದರೆ ಚೇಂದಣಿ ಕೋಳಿವಾಡಾ. ಕೋಳಿ ಬೆಸ್ತರ ಈ ಹಳೆಯ ಕೇರಿಯ ನಡುವೆಯೇ ರೈಲಿನ ಹಳಿ ಹಾದುಹೋಗಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು, 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಈ ಥಾಣೆಯಲ್ಲೇ. ಮರುವರ್ಷ ಖಾಡಿಗೆ ಸೇತುವೆ ಕಟ್ಟಿ ಹಳಿ ಕಲ್ಯಾಣ ಮುಟ್ಟಿತು. ರೈಲಿನ ಇತಿಹಾಸ ಬರೆದವರು ಇದನ್ನೆಲ್ಲ ಹೆಮ್ಮೆಯಿಂದ ಬರೆದಿದ್ದಾರೆ, ಬರೆಯಬೇಕಾದದ್ದೇ. ಆದರೆ ಆ ಸೇತುವೆಯ ಕೆಳಗೆ ಉಪ್ಪು, ಅಕ್ಕಿ, ಸೌದೆ, ಹುಲ್ಲು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ಪಡಾವುಗಳ ಮಂದಿಗೆ ಅಂದಿನಿಂದ ಏನಾಯಿತು ಎಂಬುದು ಯಾವ ಸ್ಟೇಷನ್ನಿನ ಫಲಕದಲ್ಲೂ ಇಲ್ಲ.

ಕೇರಿ ದಾಟಿದರೆ ಮೀಠ್ ಬಂದರ್ ರಸ್ತೆ. ಉಪ್ಪಿನ ವ್ಯಾಪಾರ ನಿಂತು ಕಾಲವಾಯಿತು, ರಸ್ತೆಯ ಹೆಸರು ನಿಂತಿದೆ. ರಸ್ತೆಯ ತುದಿಗೆ ಕಾಂಡ್ಲಾ ಗಿಡಗಳ ನಡುವೆ ಜೆಟ್ಟಿ, ಅದರ ಕೆಳಗೆ ಕೆಸರು, ಕೆಸರಿನ ಮೇಲೆ ಓರೆಯಾಗಿ ಮಲಗಿದ ಮರದ ಹೋಡಿಗಳು, ಫೈಬರ್ ದೋಣಿಗಳು. ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರ ಬಳಿ ಕುಳಿತೆ. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ಅಣ್ಣಾ ಎಂದರು. ದಕ್ಷಿಣದಿಂದ ಬಂದ ಎಲ್ಲರೂ ಈ ಊರಿನಲ್ಲಿ ಅಣ್ಣಾಗಳೇ. ಹೋಟೆಲ್ಲಾ ಎಂದು ಕೇಳಿದರು. ಅಲ್ಲ ಕಾಕಾ, ನಮ್ಮ ಅಜ್ಜ ಮಂಗಳೂರು ಹಂಚು ತರುವ ಮಚ್ವೆಯ ತಾಂಡೇಲ ಎಂದೆ. ಅವರು ಸೂಜಿ ಕೆಳಗಿಟ್ಟು, ಹಿಂದೆ ತಿರುಗಿ ತಮ್ಮ ಮನೆಯ ಮಾಡು ತೋರಿಸಿದರು. ಕಪ್ಪುಹಿಡಿದ ಮಂಗಳೂರು ಹಂಚು. ಅವರ ತಂದೆ ಕಟ್ಟಿಸಿದ ಮನೆ.

“ಮಂಗಳೂರಿನ ಮಚ್ವೆಗಳನ್ನು ಚಿಕ್ಕವನಿದ್ದಾಗ ನೋಡಿದ್ದೇನೆ, ಅಣ್ಣಾ. ಮುಂಬಯಿ ಬಂದರಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಹಾಯಿ ಸುತ್ತಿಸುವಾಗ ನಿಮ್ಮವರು ಅದನ್ನು ಪೂರ್ತಿ ಇಳಿಸುತ್ತಿದ್ದರೇ?”

“ಇಳಿಸುತ್ತಿರಲಿಲ್ಲವಂತೆ ಕಾಕಾ. ತುದಿ ಬಿಟ್ಟು, ಮರವನ್ನು ನಿಲ್ಲಿಸಿ, ಕೂವೆಯ ಮುಂದಿನಿಂದ ಒಯ್ಯುತ್ತಿದ್ದರಂತೆ.”

“ನಾವೂ ಹಾಗೆಯೇ” ಎಂದರು. ಎದ್ದು ನಿಂತು, ಇಲ್ಲದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಹಿಂದಿಟ್ಟು, ಮೈ ವಾಲಿಸಿ ತೋರಿಸಿದರು. ನಮ್ಮ ಮನೆಯ ಜಗಲಿಯಲ್ಲಿ ಅಜ್ಜ ಮಕ್ಕಳಿಗೆ ತೋರಿಸುತ್ತಿದ್ದದ್ದು ಇದೇ ಹೆಜ್ಜೆ, ಇದೇ ವಾಲಿಕೆ. ನಮ್ಮ ಮಾತು ಬೇರೆ, ಅವರ ದೇವರು ಏಕವೀರೆ, ನಮ್ಮ ಮೊಗವೀರ ಕುಲಕ್ಕೆ ಬಾರಕೂರಿನ ನಂಟು. ಆದರೆ ಆ ಹೆಜ್ಜೆಯಲ್ಲಿ ಎರಡೂ ಕಡೆಯವರು ಒಂದೇ ಮನೆಯವರು. ಇದಕ್ಕಿಂತ ಗಟ್ಟಿಯಾದ ನಂಟನ್ನು ಮುಂಬಯಿಗೆ ಬಂದ ಮೇಲೆ ನಾನು ಯಾರಲ್ಲೂ ಕಂಡಿಲ್ಲ.

ಹಾಯಿ ಹೋಗಿ ಎಂಜಿನ್ ಬಂದರೂ ಅವರ ದಿನಚರಿ ಗಡಿಯಾರಕ್ಕೆ ಸಿಕ್ಕಿಲ್ಲ. ಭರತ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಕಾಕಾ ತಿಥಿ ಎಣಿಸುತ್ತಾರೆ. ತಿಥಿಯನ್ನು ಮುಕ್ಕಾಲರಿಂದ ಗುಣಿಸಿ, ಹನ್ನೆರಡರಿಂದ ಮುಂದಕ್ಕೆ ಎಣಿಸಬೇಕು. ಚೌತಿಗೆ ನಾಲ್ಕು ಮುಕ್ಕಾಲು ಮೂರು, ಅಂದರೆ ಮೂರು ಗಂಟೆಗೆ ತುಂಬುನೀರು. ಅಷ್ಟಮಿಗೆ ಆರು ಗಂಟೆ. ಹುಣ್ಣಿಮೆ, ಅಮಾವಾಸ್ಯೆಗೆ ಸುಮಾರು ನಡುಹಗಲು, ನಡುರಾತ್ರಿ. ಆರು ಗಂಟೆ ಕಳೆದರೆ ಇಳಿತ. ಚಂದ್ರ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗಿ ಹುಟ್ಟುವುದೇ ಈ ಮುಕ್ಕಾಲರ ಗುಟ್ಟು. ಮುಂಬಯಿ ಬಂದರಿನ ಮುದ್ರಿತ ಉಬ್ಬರದ ಪಟ್ಟಿ ತೆಗೆದು ತಾಳೆ ನೋಡಿದೆ. ಕೆಲಸಕ್ಕೆ ಸಾಲುವಷ್ಟು ಸರಿಯಾಗಿ ಕೂಡುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಈ ಲೆಕ್ಕವನ್ನು ಮೀನು ಮಾರುತ್ತಲೇ ಹಾಕುತ್ತಾರೆ. ಡೋಲ್ ಬಲೆ ನಡೆಯುವುದು ನೀರಿನ ಓಟದಿಂದ. ಗೂಟಕ್ಕೆ ಕಟ್ಟಿದ ಬಲೆಯ ಬಾಯಿಗೆ ನೀರೇ ಸೀಗಡಿಯನ್ನು ತಂದು ತುಂಬಬೇಕು. ಹಾಗಾಗಿ ಈ ಲೆಕ್ಕ ಅವರಿಗೆ ಅನ್ನದ ಲೆಕ್ಕ.

ಅನ್ನ ಮಾತ್ರ ಕಡಿಮೆಯಾಗುತ್ತಿದೆ. ನಗರಗಳ ಕೊಳಚೆ, ಥಾಣೆ–ಬೇಲಾಪುರ ಕೈಗಾರಿಕಾ ಪಟ್ಟಿಯ ತ್ಯಾಜ್ಯ, ಸೇತುವೆಯ ಕಂಬಗಳ ಸುತ್ತ ಕೂರುವ ಹೂಳು, ದಂಡೆ ಒತ್ತಿ ತುಂಬಿದ ಮಣ್ಣು, ಎಲ್ಲವೂ ಸೇರಿ ಖಾಡಿಯ ಆಳ ತಿಂದಿವೆ. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಜೀವವೈವಿಧ್ಯ ಕೇಂದ್ರವಿದೆ. ಅಲ್ಲಿಂದ ದೋಣಿಯಲ್ಲಿ ರಾಜಹಂಸಗಳನ್ನು ನೋಡಲು ಕರೆದೊಯ್ಯುತ್ತಾರೆ. ದೋಣಿ ಹೊರಡುವ ಸಮಯ ದಿನವೂ ಬದಲು, ಏಕೆಂದರೆ ಅದೂ ಉಬ್ಬರಕ್ಕೆ ಕಟ್ಟುಬಿದ್ದದ್ದು. ಚಳಿಗಾಲ ಕಳೆಯುವ ಹೊತ್ತಿಗೆ ಸಾವಿರಾರು ಹಕ್ಕಿಗಳು ಕೆಸರಿನ ಮೇಲೆ ತಲೆ ತಗ್ಗಿಸಿ ಮೇಯುತ್ತಿರುತ್ತವೆ. ನೋಡಿದ ಕಣ್ಣಿಗೆ ತೃಪ್ತಿ. 2015ರಲ್ಲಿ ಇದು ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲವೆಂದು ರಾಮ್‌ಸರ್ ತಾಣವಾಯಿತು. ಹಕ್ಕಿಗೆ ಸಿಕ್ಕಿದ ಈ ಮನ್ನಣೆ ಬಹಳ ದೊಡ್ಡದು, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ನೀರಿನ ಮೇಲೆ ಹಕ್ಕಿಯಷ್ಟೇ ಹಕ್ಕಿರುವ ಒಂದು ಜನವಿದೆ. ನನ್ನನ್ನು ಕರೆದೊಯ್ದ ದೋಣಿಯ ಚುಕ್ಕಾಣಿ ಹಿಡಿದದ್ದು ಖಾಡಿಯ ದಂಡೆಯಲ್ಲೇ ಹುಟ್ಟಿದ ಹುಡುಗ. ಎಲ್ಲಿ ಮರಳದಿಬ್ಬ, ಎಲ್ಲಿ ಕಾಲುವೆ ಎಂದು ಯಾವ ಯಂತ್ರವೂ ಇಲ್ಲದೆ, ನೀರಿನ ಮೇಲ್ಮೈಯ ಸುಕ್ಕು ನೋಡಿ ನಡೆಸಿದ. ಅವನಿಗೆ ಅದನ್ನು ಕಲಿಸಿದ್ದು ಅವನ ತಂದೆ. ಇಂಥ ಕೆಲಸ ನಾಲ್ಕಾರು ಹುಡುಗರಿಗೆ ಸಿಕ್ಕಿದೆ, ನಾನೂರು ಹುಡುಗರಿಗೆ ಸಿಗಬೇಕು.

ಉಲ್ಹಾಸ್ ಬದಿಯ ಕಥೆ ಬೇರೆ. ಡೊಂಬಿವಲಿ ಪಶ್ಚಿಮದ ಮೋಠಾಗಾಂವಿನ ರೇತಿ ಬಂದರಿನಲ್ಲಿ ಈಗ ಜನ ಸೇರುವುದು ಗಣಪತಿ ಬಿಡುವುದಕ್ಕೆ. ಮುಂಚೆ ಇಲ್ಲಿಂದ, ಮುಂಬ್ರಾದಿಂದ, ಕಳವಾದಿಂದ ಹೋದ ಮರಳು ಮುಂಬಯಿಯ ಗೋಡೆಗಳಾಯಿತು. ಹಾತ್‌ಪಾಟಿ ಎನ್ನುವ ಕಸುಬು: ದೋಣಿಯಿಂದ ಮುಳುಗಿ, ಕಣ್ಣು ಕಾಣದ ಕೆಸರುನೀರಿನ ತಳಕ್ಕೆ ಇಳಿದು, ಬುಟ್ಟಿಗೆ ಮರಳು ತುಂಬಿ ಮೇಲೆ ಕಳಿಸುವುದು. ಬರಿಯ ಉಸಿರಿನ ಮೇಲೆ ಮಾಡುವ ಕೆಲಸ. ಆಮೇಲೆ ಹೀರುವ ಪಂಪುಗಳು ಬಂದವು. ಮುಳುಗುವವನ ಕಿವಿ ಹಾಳಾಗುವುದು ತಪ್ಪಿತು, ಆದರೆ ನದಿಯ ತಳವೇ ಹಾಳಾಯಿತು. ಬಂದರಿನ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳಿದವರು ಈ ಕಸುಬಿನಲ್ಲೇ ಮುದುಕರಾದ ಆಗ್ರಿ ಸಮಾಜದ ಒಬ್ಬರು. ಹೇಳುವಾಗ ಅವರ ದನಿಯಲ್ಲಿ ಕಹಿ ಇರಲಿಲ್ಲ, ಹೆಮ್ಮೆ ಇತ್ತು.

ಕಲ್ಯಾಣಕ್ಕೆ ಹೋದರೆ ದುರ್ಗಾಡಿ ಕೋಟೆ ಹತ್ತಬೇಕು. ಎತ್ತರವೇನಿಲ್ಲ, ಕೆಳಗೆ ಖಾಡಿ ತಿರುಗಿ ಹೋಗುವುದು ಪೂರಾ ಕಾಣುತ್ತದೆ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದ ಎರಿತ್ರಿಯನ್ ಕಡಲಿನ ಪೆರಿಪ್ಲಸ್‌ನಲ್ಲಿ ಕಲ್ಯಾಣದ ಹೆಸರಿದೆ. ಹಿಂದೆ ಶಾಸನಬದ್ಧ ವ್ಯಾಪಾರದ ಊರಾಗಿದ್ದ ಇಲ್ಲಿಗೆ ಈಗ ಗ್ರೀಕ್ ಹಡಗು ಬಂದರೆ ಕಾವಲು ಹಾಕಿ ಭರೂಚಿಗೆ ಒಯ್ಯುತ್ತಾರೆ ಎಂದು ಅವನು ಬರೆದ. ಅರಸರ ಜಗಳದಲ್ಲಿ ಬಂದರು ಮುಚ್ಚುವುದು ಇಂದಿನ ಸುದ್ದಿಯಲ್ಲ. ಶಾತವಾಹನರಾದ ಮೇಲೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಕಾಲದಲ್ಲಿ ಉತ್ತರ ಕೊಂಕಣ ಅವರ ಸಾಮಂತರಾದ ಶಿಲಾಹಾರರ ಕೈಗೆ ಬಂತು. ಥಾಣೆ ಅವರ ರಾಜಧಾನಿಗಳಲ್ಲಿ ಒಂದಾಯಿತು. ಬೋರಿವಲಿಯ ಎಕ್ಸಾರಿನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ. ಮಲೆನಾಡಿನ ದೇವಸ್ಥಾನಗಳ ಅಂಗಳದಲ್ಲಿ ಕುದುರೆಯೇರಿದ ವೀರರನ್ನು ಕಂಡಿದ್ದ ನನಗೆ ಅಲ್ಲಿ ಕಂಡದ್ದು ಹಡಗಿನ ಮೇಲೆ ಕಾದುವ ವೀರರನ್ನು. ಕಲ್ಲಿನಲ್ಲಿ ಹುಟ್ಟುಗಳ ಸಾಲು, ಅವುಗಳ ಹಿಂದೆ ತೋಳುಗಳ ಸಾಲು. ಕನ್ನಡದ ಓದುಗರು ಮುಂಬಯಿಗೆ ಬಂದರೆ ಇದೊಂದನ್ನು ನೋಡದೆ ಹೋಗಬಾರದು.

1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ, ಭಿವಂಡಿ ಹಿಡಿದರು. ಈ ಖಾಡಿಯ ದಂಡೆಯಲ್ಲೇ ಮರಾಠರ ನೌಕಾಪಡೆಯ ಮೊದಲ ಹಡಗುಗಳ ಕೆಲಸ ಶುರುವಾಯಿತು. ಪೋರ್ಚುಗೀಸ್ ಬಡಗಿಗಳನ್ನು ನೇಮಿಸಿಕೊಂಡಿದ್ದರು. ವಸಯಿಯ ಪೋರ್ಚುಗೀಸರಿಗೆ ದಿಗಿಲಾಗಿ ತಮ್ಮವರನ್ನು ವಾಪಸು ಕರೆಸಿಕೊಂಡರು. ಆಮೇಲೆ ಹಡಗು ಮುಗಿಸಿ ನಡೆಸಿದ್ದು ನೆಲದ ಕೋಳಿಗಳು, ಭಂಡಾರಿಗಳು. ಕೋಟೆಯ ಮೇಲೆ ದೇವಿಯ ಗುಡಿಗೆ ಬರುವವರು ಬಹಳ. ಕೆಳಗಿನ ನೀರನ್ನು ಬಗ್ಗಿ ನೋಡುವವರು ಕಡಿಮೆ.

ನವಿ ಮುಂಬಯಿಯ ಕಡೆ ಬೇಲಾಪುರದ ದಿವಾಳೆ ಕೋಳಿವಾಡಾದಲ್ಲಿ ಬೇರೆ ಉತ್ಸಾಹ ಕಂಡೆ. 1970ರಲ್ಲಿ ಸಿಡ್ಕೋ ಎಂಬ ಸರಕಾರಿ ಸಂಸ್ಥೆ ಹುಟ್ಟಿ ಹೊಸ ನಗರ ಕಟ್ಟಲು ನೆಲ ವಶಪಡಿಸಿಕೊಂಡಾಗ ಗದ್ದೆ, ಉಪ್ಪಿನಾಗರ ಹೋದವು, ನೀರು ಉಳಿಯಿತು. ಮೀನುಪೇಟೆಯ ಹಿಂದಿನ ಜೆಟ್ಟಿಯಲ್ಲಿ ದೋಣಿಗಳು ಒತ್ತಾಗಿ ನಿಂತಿರುತ್ತವೆ, ಬಣ್ಣ ಹೊಸದು, ಹೆಸರು ಹೊಸದು. ಕಾಲೇಜು ಓದಿದ ಹುಡುಗರು ಬೆಳಿಗ್ಗೆ ಬಲೆ ಎತ್ತಿ, ಹತ್ತಕ್ಕೆ ಕಚೇರಿಗೆ ಹೋಗುತ್ತಾರೆ. ಅವರಲ್ಲೊಬ್ಬ ಅಜ್ಜನ ಹಾಯಿಯನ್ನು ಅಟ್ಟದಲ್ಲಿ ಸುತ್ತಿಟ್ಟಿದ್ದನ್ನು ಇಳಿಸಿ ತೋರಿಸಿದ. ತೊಗಟೆಯ ಕಷಾಯದ ಚೊಗರಿನಿಂದ ಕಂದಾದ ಹತ್ತಿಬಟ್ಟೆ. ಮಾಲ್ಡನ್ನಿನ ಹಾಯಿಯ ಬಣ್ಣವೇ. ಉಪ್ಪು ಮತ್ತು ಮಳೆಯಿಂದ ಬಟ್ಟೆ ಉಳಿಸಿಕೊಳ್ಳಲು ಎರಡು ದೇಶದವರೂ ಬೇರೆ ಬೇರೆ ಪದಾರ್ಥದಿಂದ ಒಂದೇ ಬಣ್ಣಕ್ಕೆ ಬಂದಿದ್ದರು. “ಇದನ್ನು ಕಟ್ಟಿ ಒಮ್ಮೆ ಹೋಗಬೇಕು ಅಂಕಲ್, ಕಟ್ಟುವುದು ಹೇಗೆಂದು ಗೊತ್ತಿರುವವರು ಊರಲ್ಲಿ ಇಬ್ಬರೇ ಉಳಿದಿದ್ದಾರೆ” ಎಂದ. ಅವನ ಫೋನಿನಲ್ಲಿ ಆ ಇಬ್ಬರು ಅಜ್ಜಂದಿರ ಮಾತು ದಾಖಲಾಗಿದೆ. ತಾನಾಗಿಯೇ ಮಾಡಿದ ಕೆಲಸ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದೇ.

ಸರಕಾರದ ಕಾಗದದಲ್ಲಿ ಖಾಡಿಗೆ ಮತ್ತೆ ಜೀವ ಬರುತ್ತಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ಕಲ್ಯಾಣ್–ಥಾಣೆ–ಮುಂಬಯಿ ನೀರುದಾರಿ 53ನೆಯ ಜಲಮಾರ್ಗವಾಗಿ ಸೇರಿದೆ, ಉದ್ದ 145 ಕಿಲೋಮೀಟರ್. 2022ರಲ್ಲಿ ಬೇಲಾಪುರದಿಂದ ವಾಟರ್ ಟ್ಯಾಕ್ಸಿ ಉದ್ಘಾಟನೆಯಾಯಿತು. 2024ರಲ್ಲಿ ವಸಯಿ–ಭಾಯಂದರ್ ನಡುವೆ ವಾಹನ ಒಯ್ಯುವ ರೋ-ರೋ ಶುರುವಾಯಿತು. ಜೆಟ್ಟಿ, ಟಿಕೆಟ್, ಕಾಂಕ್ರೀಟು, ಎಲ್ಲದರ ಯೋಜನೆ ಇದೆ. ದೋಣಿ ನಡೆಸುವವರು ಯಾರು? ಹೊರಗಿನ ಗುತ್ತಿಗೆದಾರ ಬಂದು, ಹೊರಗಿನಿಂದ ನಾವಿಕರನ್ನು ತಂದು ನಡೆಸಿದರೆ ತಿಥಿಯ ಲೆಕ್ಕ ಗೊತ್ತಿರುವ ಮನೆಗಳ ಮಕ್ಕಳು ಕಟ್ಟೆಯ ಮೇಲೆ ನಿಂತು ನೋಡಬೇಕಾಗುತ್ತದೆ. ಈ ಜಲಮಾರ್ಗದ ಮೊದಲ ನೌಕರಿಗಳು ಚೇಂದಣಿ, ಕಳವಾ, ದಿವಾಳೆ, ಮೋಠಾಗಾಂವಿನ ಹುಡುಗ ಹುಡುಗಿಯರಿಗೆ ಹೋಗಬೇಕು. ಇದು ದಯೆಯ ಮಾತಲ್ಲ. ಹೂಳು ದಿನವೂ ಜಾಗ ಬದಲಿಸುವ ನೀರಿನಲ್ಲಿ ಅವರಿಗಿಂತ ಚೆನ್ನಾಗಿ ದೋಣಿ ನಡೆಸುವವರು ಸಿಗುವುದಿಲ್ಲ.

ನಮ್ಮವರ ಪಾಲಿನ ಕೆಲಸವೂ ಇದೆ. ಮುಂಬಯಿಯ ಕನ್ನಡಿಗರ ಚರಿತ್ರೆಯಲ್ಲಿ ಕಡಲ ಮಕ್ಕಳ ಪಾಲು ಸಣ್ಣದಲ್ಲ. 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿ, ರಾತ್ರಿ ಶಾಲೆ ನಡೆಸಿ, ಪತ್ರಿಕೆ ತಂದು, ಬ್ಯಾಂಕು ಸ್ಥಾಪಿಸಿದ ಜನ ನಾವು. ಡೊಂಬಿವಲಿಯ ಕರ್ನಾಟಕ ಸಂಘದವರು ಮಂಜುನಾಥ ವಿದ್ಯಾಲಯವನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಯಕ್ಷಗಾನ, ಭಜನೆ, ನಾಟಕ, ಯಾವುದನ್ನೂ ನಾವು ಬಿಟ್ಟುಕೊಟ್ಟಿಲ್ಲ. ಆದರೆ ಯಾವ ಕಸುಬು ನಮ್ಮನ್ನು ಇಲ್ಲಿಗೆ ತಂದಿತೋ ಆ ಹಾಯಿಯ ಕಸುಬಿನ ಬಗ್ಗೆ ಒಂದು ಸಂಜೆಯ ಕಾರ್ಯಕ್ರಮವನ್ನು ನಾನು ಈ ಊರುಗಳಲ್ಲಿ ನೋಡಿಲ್ಲ. ದೇಶದ ಮಟ್ಟದಲ್ಲಿ ಹಾಯಿಗೆ ಒಂದು ಗೌರವ ಮರಳುತ್ತಿದೆ. ಅಜಂತಾದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗನ್ನು ನೌಕಾಪಡೆ 2025ರ ಮೇ 21ರಂದು ಸೇರಿಸಿಕೊಂಡದ್ದು ನಮ್ಮ ಕಾರವಾರದಲ್ಲೇ. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಕೇರಳದ ಹಡಗು ಹೊಲಿಯುವ ಕುಶಲಿಗರು ಬದುಕಿದ್ದರಿಂದ ಅದು ಸಾಧ್ಯವಾಯಿತು. ಕೈ ತಿಳಿದವರು ಹೋದ ಮೇಲೆ ಎಷ್ಟು ಹಣ ಹಾಕಿದರೂ ಅಂಥ ಹಡಗು ಏಳುವುದಿಲ್ಲ. ಹಂಗಾರಕಟ್ಟೆ, ಗಂಗೊಳ್ಳಿ, ಮಂಗಳೂರು ಬಂದರುಗಳ ಹಾಯಿಯ ಕಾಲ ನೋಡಿದ ತಾಂಡೇಲರು, ಖಲಾಸಿಗಳು, ಅಡಿಗೆಗೆಂದು ಹಡಗು ಹತ್ತಿದ ಹುಡುಗರು ಈಗ ಎಂಬತ್ತು ದಾಟಿದ್ದಾರೆ. ಅವರಲ್ಲಿ ಕೆಲವರು ಮಕ್ಕಳ ಜೊತೆ ಇದೇ ಥಾಣೆ, ಕಲ್ಯಾಣ, ಡೊಂಬಿವಲಿಯ ಫ್ಲ್ಯಾಟುಗಳಲ್ಲಿದ್ದಾರೆ.

ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ವಾರವೇ ಪಕ್ಕದಲ್ಲಿ ಕುಳಿತು ಕೇಳಿ, ಫೋನಿನಲ್ಲಿ ಹಿಡಿದಿಡಿ: ಯಾವ ತಿಂಗಳು ಯಾವ ಗಾಳಿ, ಎಲ್ಲಿ ಲಂಗರು, ಯಾವ ಗುಡ್ಡ ಕಂಡರೆ ಯಾವ ಊರು, ಹಾಯಿ ಹೊಲಿದವರು ಯಾರು, ಹಲಗೆಯ ಸಂದಿಗೆ ಏನು ತುರುಕುತ್ತಿದ್ದರು, ಹೊಟ್ಟೆಗೆ ಏನು ಬೇಯಿಸುತ್ತಿದ್ದರು. ನೂಲ ಹುಣ್ಣಿಮೆಯ ದಿನ ಊರಿನಲ್ಲಿ ನಾವು ಸಮುದ್ರಪೂಜೆ ಮಾಡುವ ಹೊತ್ತಿಗೇ ಇಲ್ಲಿಯ ಕೋಳಿಗಳು ನಾರಳಿ ಪೌರ್ಣಿಮೆ ಎಂದು ಮೆರವಣಿಗೆಯಲ್ಲಿ ಬಂದು ಖಾಡಿಗೆ ತೆಂಗಿನಕಾಯಿ ಒಪ್ಪಿಸುತ್ತಾರೆ. ಬರುವ ನೂಲ ಹುಣ್ಣಿಮೆಗೆ ನಮ್ಮ ಸಂಘಗಳು ಹಿರಿಯರನ್ನು ಮುಂದಿಟ್ಟುಕೊಂಡು, ತೆಂಗಿನಕಾಯಿ ಹಿಡಿದು ಚೇಂದಣಿಗೆ ಬರಲಿ. ದಾರಿ ಸುಲಭ: ಥಾಣೆ ಸ್ಟೇಷನ್ನಿನಲ್ಲಿ ಮೂಡಣ ಬದಿಗೆ ಇಳಿದು ಮೀಠ್ ಬಂದರ್ ರಸ್ತೆ ಹಿಡಿದರೆ ನೇರ ನೀರಿಗೇ ಹೋಗುತ್ತದೆ.